ಕೀಲುವಾತ, ಶೋಗ್ರನ್, ಲೂಪಸ್ ಇದ್ದವರ ಶ್ವಾಸಕೋಶದಲ್ಲಿ ಲಿಂಫೋಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಅಪರೂಪದ ಕಾಯಿಲೆ. ಕೀಲುನೋವಿಗೆ ಮಾತ್ರೆ ತಗೊಳ್ಳುವ ಎಲ್ಲರೂ ಹೆದರಬೇಕಾದ್ದಲ್ಲ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎದೆಯ ಎಕ್ಸ್‌ರೇಯಲ್ಲಿ ಒಂದು ಕಲೆ ಕಂಡರೆ ಮೊದಲು ಬಾಯಿಗೆ ಬರುವ ಹೆಸರು ಟಿಬಿ. ಬಹಳ ಸಲ ಅದು ಸರಿಯೇ ಇರುತ್ತದೆ. ಸರಿ ಇಲ್ಲದಾಗ ತಿಂಗಳುಗಟ್ಟಲೆ ಸಮಯ ಹೋಗುತ್ತದೆ. ಈ ಪುಟದ ಬಹುಪಾಲು ಆ ತಿಂಗಳುಗಳ ಬಗ್ಗೆಯೇ.

ಲಿಂಫೋಮಾ ಅಂದ್ರೆ ಶ್ವಾಸಕೋಶದ ಕ್ಯಾನ್ಸರೇನಾ?

ಕ್ಯಾನ್ಸರ್ ಹೌದು. ಆದರೆ ಬೀಡಿ, ಸಿಗರೇಟಿನಿಂದ ಬರುತ್ತದೆ ಎಂದು ನಾವು ಕೇಳಿರುವ ಶ್ವಾಸಕೋಶದ ಕ್ಯಾನ್ಸರ್ ಇದಲ್ಲ. ಅದು ಶ್ವಾಸಕೋಶದ ಒಳಪದರದ ಕಣಗಳಿಂದ ಹುಟ್ಟುತ್ತದೆ. ಲಿಂಫೋಮಾ ಹುಟ್ಟುವುದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣದಿಂದ. ಸೋಂಕಿನ ಜೊತೆ ಹೋರಾಡಬೇಕಾದ ಕಣ ಅದು. ಸಾಮಾನ್ಯವಾಗಿ ಲಿಂಫೋಮಾ ಕತ್ತು, ಕಂಕುಳು, ತೊಡೆಸಂದಿಯ ಗಂಟುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಶ್ವಾಸಕೋಶದಲ್ಲೇ ಶುರುವಾಗುತ್ತದೆ. ಶ್ವಾಸಕೋಶದ ಎಲ್ಲ ಕ್ಯಾನ್ಸರ್‌ಗಳನ್ನು ಲೆಕ್ಕಕ್ಕೆ ತಗೊಂಡರೆ ಇಂಥವು ನೂರಕ್ಕೆ ಒಂದೂ ಇರುವುದಿಲ್ಲ.

ಅದರಲ್ಲೂ ಹೆಚ್ಚಿನವು ‘ಮಾಲ್ಟ್ ಲಿಂಫೋಮಾ’ ಎಂಬ ನಿಧಾನದ ಜಾತಿ. ವರದಿಯಲ್ಲಿ ಇದನ್ನೇ ‘ಮಾರ್ಜಿನಲ್ ಝೋನ್’ ಎಂದೂ ಬರೆಯುತ್ತಾರೆ. ಇದು ವರ್ಷಗಟ್ಟಲೆ ಇದ್ದಲ್ಲೇ ಕೂತಿರಬಹುದು. ಇನ್ನೊಂದು ‘ಡಿಫ್ಯೂಸ್ ಲಾರ್ಜ್ ಬಿ ಸೆಲ್’ ಎಂಬ ಜೋರಿನ ಜಾತಿ. ಅದು ವಾರ, ತಿಂಗಳುಗಳಲ್ಲಿ ಬೆಳೆಯುತ್ತದೆ. ನಿಮ್ಮ ವರದಿಯಲ್ಲಿ ಇವೆರಡರಲ್ಲಿ ಯಾವುದಿದೆ ಎಂದು ಮೊದಲು ಕೇಳಿಕೊಳ್ಳಿ. ಮುಂದಿನ ಚಿಕಿತ್ಸೆ ಅದರ ಮೇಲೇ ನಿಂತಿದೆ.

ಕೀಲಿನ ಕಾಯಿಲೆಗೂ ಎದೆಯೊಳಗಿನ ಗಡ್ಡೆಗೂ ಎಲ್ಲಿಂದೆಲ್ಲಿಯ ಸಂಬಂಧ?

ರುಮಟಾಯ್ಡ್ ಕೀಲುವಾತ, ಕಣ್ಣು-ಬಾಯಿ ಒಣಗಿಸುವ ಶೋಗ್ರನ್, ಚರ್ಮ, ಕೀಲು, ಕಿಡ್ನಿ ಕಾಡುವ ಲೂಪಸ್ ಇವೆಲ್ಲ ಆಟೋಇಮ್ಯೂನ್ ಕಾಯಿಲೆಗಳು. ಇವುಗಳಲ್ಲಿ ದೇಹದ ರಕ್ಷಣಾ ಕಣಗಳು ನಮ್ಮದೇ ಅಂಗಾಂಗದ ಮೇಲೆ ತಿರುಗಿ ಬೀಳುತ್ತವೆ. ಅದಕ್ಕಾಗಿ ‘ಬಿ’ ಲಿಂಫೋಸೈಟ್‌ಗಳು ವರ್ಷಾನುಗಟ್ಟಲೆ ಬಿಡುವಿಲ್ಲದೆ ಹೆಚ್ಚುತ್ತಾ ಇರುತ್ತವೆ. ಒಂದು ಕಣ ಎರಡಾಗುವಾಗ ಅದರೊಳಗಿನ ಜೀನ್‌ಗಳ ನಕಲು ಆಗಬೇಕು. ಲಕ್ಷಾಂತರ ಸಲ ನಕಲು ಮಾಡುವಾಗ ಎಲ್ಲೋ ಒಂದು ತಪ್ಪು ಉಳಿದುಬಿಡುತ್ತದೆ. ಆ ತಪ್ಪಿನಿಂದ ಒಂದು ಕಣಕ್ಕೆ ಸಾಯುವುದೇ ಮರೆತುಹೋದರೆ, ಅದರ ಸಂತತಿಯೇ ಲಿಂಫೋಮಾ.

ಶ್ವಾಸಕೋಶದಲ್ಲೇ ಯಾಕೆ? ಆರೋಗ್ಯವಂತ ದೊಡ್ಡವರ ಶ್ವಾಸನಾಳದ ಗೋಡೆಯಲ್ಲಿ ಲಿಂಫೋಸೈಟ್‌ಗಳ ಗುಂಪು ಹೆಚ್ಚುಕಡಿಮೆ ಇರುವುದೇ ಇಲ್ಲ. ಬಹುಕಾಲದ ಉರಿಯೂತ ಇದ್ದಾಗ ಅವು ಅಲ್ಲಿ ಬಂದು ಸೇರುತ್ತವೆ. ಹೊಟ್ಟೆಯ ಮಾಲ್ಟ್ ಲಿಂಫೋಮಾಕ್ಕೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣ. ಅದನ್ನು ಆಂಟಿಬಯೋಟಿಕ್ ಕೊಟ್ಟು ಕೊಂದರೆ ಎಷ್ಟೋ ಜನರಲ್ಲಿ ಲಿಂಫೋಮಾವೇ ಕರಗುತ್ತದೆ. ಶ್ವಾಸಕೋಶದಲ್ಲಿ ಹಾಗೆ ಬೊಟ್ಟು ಮಾಡಿ ತೋರಿಸುವ ರೋಗಾಣು ಇಲ್ಲ. ಅಲ್ಲಿ ಆಟೋಇಮ್ಯೂನ್ ಉರಿಯೂತವೇ ಎದ್ದು ಕಾಣುವ ಕಾರಣ.

ಯಾವ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ?

ಶೋಗ್ರನ್ ಕಾಯಿಲೆಯವರಿಗೆ. ಕಣ್ಣೀರು, ಜೊಲ್ಲು ಒಣಗಿಸುವ ಕಾಯಿಲೆ ಇದು. ಪುರುಷರಿಗಿಂತ ಹೆಂಗಸರಲ್ಲೇ ಹೆಚ್ಚು, ಸುಮಾರು 9 ಜನ ಹೆಂಗಸರಿಗೆ ಒಬ್ಬ ಗಂಡಸು. 1933ರಲ್ಲಿ ಇದನ್ನು ವಿವರವಾಗಿ ಬರೆದ ಹೆನ್ರಿಕ್ ಶೋಗ್ರನ್ ಸ್ವೀಡನ್ನಿನ ಕಣ್ಣಿನ ಡಾಕ್ಟರು. ಶೋಗ್ರನ್ ಇರುವ ನೂರು ಜನರಲ್ಲಿ ಸುಮಾರು 5 ಜನರಿಗೆ ಬದುಕಿನಲ್ಲಿ ಎಂದಾದರೊಮ್ಮೆ ಲಿಂಫೋಮಾ ಬರಬಹುದು. ಬಂದರೂ ಹೆಚ್ಚಾಗಿ ಅದು ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಲ್ಲಿ. ಶ್ವಾಸಕೋಶದ ಸರದಿ ಆಮೇಲಿನದು.

ಮೊಬೈಲ್‌ನಲ್ಲಿ ಹುಡುಕಿದವರಿಗೆ ‘44 ಪಟ್ಟು ಅಪಾಯ’ ಎಂಬ ಸಾಲು ಸಿಕ್ಕಿರುತ್ತದೆ. ಅದು 1978ರ ಒಂದು ಅಮೆರಿಕದ ಅಧ್ಯಯನದ್ದು. ಅದರಲ್ಲಿದ್ದ ರೋಗಿಗಳು ನೂರೈವತ್ತೂ ಇರಲಿಲ್ಲ. ಆಮೇಲೆ ಬಂದ ದೊಡ್ಡ ಲೆಕ್ಕಗಳಲ್ಲಿ ಈ ಅಂಕಿ ಸಾಕಷ್ಟು ಇಳಿದಿದೆ. ಆ ಹಳೆಯ ಅಂಕಿ ಓದಿ ನಿದ್ದೆಗೆಟ್ಟವರು ಅದನ್ನು ಅಲ್ಲಿಗೇ ಬಿಡಬಹುದು.

ರುಮಟಾಯ್ಡ್ ಇದ್ದವರಿಗೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಅಪಾಯ. ಅದೂ ಎಲ್ಲರಿಗೂ ಒಂದೇ ಸಮ ಅಲ್ಲ. ಸ್ವೀಡನ್ನಿನ ಸಂಶೋಧಕರು 2006ರಲ್ಲಿ ತೋರಿಸಿದ ಪ್ರಕಾರ, ವರ್ಷಗಟ್ಟಲೆ ಕೀಲುಬಾವು ಹತೋಟಿಗೆ ಬರದವರಲ್ಲೇ ಲಿಂಫೋಮಾ ಹೆಚ್ಚು ಕಂಡಿತು. ಲೂಪಸ್‌ನಲ್ಲೂ ಅಪಾಯ ಸ್ವಲ್ಪ ಜಾಸ್ತಿ. ಹಾಶಿಮೋಟೊ ಥೈರಾಯ್ಡ್ ಕಾಯಿಲೆ ಇದ್ದವರಿಗೆ ಅಪಾಯ ಇರುವುದು ಥೈರಾಯ್ಡ್ ಗ್ರಂಥಿಯ ಲಿಂಫೋಮಾದ್ದು, ಅದೂ ತೀರಾ ಅಪರೂಪ.

ವಯಸ್ಸಿನಿಂದ ಸವೆದ ಮಂಡಿನೋವು ಆಟೋಇಮ್ಯೂನ್ ಅಲ್ಲ. ಕೊಪ್ಪಳ, ರಾಯಚೂರಿನ ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬೆನ್ನು, ಕೀಲು ಬಿಗಿಯಾಗುತ್ತದಲ್ವಾ, ಅದೂ ಅಲ್ಲ. ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಬಾಯಿ ಒಣಗೋದು ನಮ್ಮ ಬಿಸಿಲಿಗೆ ಎಲ್ಲರಿಗೂ ಆಗುತ್ತೆ. ಅದು ಕಾಯಿಲೆ ಅಂತ ಹೇಗೆ ಗೊತ್ತಾಗಬೇಕು?

ರಾಯಚೂರಿನ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮೇಲೆ ಯಾರ ಬಾಯಿ ತಾನೇ ಒದ್ದೆ ಇರುತ್ತದೆ? ಆದರೆ ಬಿಸಿಲಿನ ಒಣಗು ಒಂದು ಚೊಂಬು ನೀರು ಕುಡಿದರೆ ಹೋಗುತ್ತದೆ. ಮಳೆಗಾಲದಲ್ಲಿ ಇರುವುದಿಲ್ಲ. ಶೋಗ್ರನ್ ಇದ್ದವರಿಗೆ ಶ್ರಾವಣದಲ್ಲೂ ಬಾಯಿ ಒಣಗಿರುತ್ತದೆ. ರಾತ್ರಿ ನೀರು ಕುಡಿಯಲು ಏಳುತ್ತಾರೆ. ಖಾರ ತಾಗಿದರೆ ನಾಲಿಗೆ ಉರಿಯುತ್ತದೆ. ಹಲ್ಲುಗಳು ಬುಡದ ಹತ್ತಿರ ಒಂದಾದ ಮೇಲೊಂದು ಹುಳುಕಾಗುತ್ತವೆ. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ.

ಇಲ್ಲಿ ಕೇಳಲು ಒಳ್ಳೆಯ ಪ್ರಶ್ನೆ ಒಂದಿದೆ: ಕಟಿ ಜೋಳದ ರೊಟ್ಟಿಯನ್ನು ನೀರಿಲ್ಲದೆ ನುಂಗಲು ಆಗುತ್ತದಾ? “ರೊಟ್ಟಿ ಗಂಟಲಾಗ ಇಳೀವಲ್ದು, ತುತ್ತಿಗೊಂದು ಗುಟುಕು ನೀರು ಬೇಕು” ಎಂದು ಯಾರಾದರೂ ಹೇಳಿದರೆ, ಜೊತೆಗೆ ಕೀಲುನೋವೂ ಸುಸ್ತೂ ಇದ್ದರೆ, ಪರೀಕ್ಷೆ ಮಾಡಿಸಬೇಕು. ಅನ್ನ ಉಣ್ಣುವ ಮನೆಯಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಸಾರು ಕಲೆಸಿದರೆ ಎಲ್ಲವೂ ಇಳಿಯುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸುತ್ತಾರೆ. 5 ನಿಮಿಷದಲ್ಲಿ 5 ಮಿಲಿಮೀಟರ್‌ಗಿಂತ ಹೆಚ್ಚು ಒದ್ದೆಯಾಗದಿದ್ದರೆ ಕಣ್ಣೀರು ಕಡಿಮೆ ಎಂದರ್ಥ. ರಕ್ತದಲ್ಲಿ ‘ಆಂಟಿ ರೋ’, ‘ಆಂಟಿ ಲಾ’ ಎಂಬ ಪ್ರತಿಕಾಯಗಳಿವೆಯಾ ಎಂದು ನೋಡುತ್ತಾರೆ. ಅಗತ್ಯ ಬಿದ್ದರೆ ಕೆಳತುಟಿಯ ಒಳಗಿನಿಂದ ಸಣ್ಣ ತುಂಡು ತೆಗೆಯುತ್ತಾರೆ.

ಶೋಗ್ರನ್ ಇರೋದು ಗೊತ್ತಾಗಿದೆ. ಲಿಂಫೋಮಾ ಬರುವ ಸೂಚನೆ ಮೊದಲೇ ಸಿಗುತ್ತಾ?

ಕೆಲವು ಸಿಗುತ್ತವೆ. ಕಿವಿಯ ಕೆಳಗೆ ದವಡೆ ಹತ್ತಿರದ ಊತ ಇಳಿಯದೆ ನಿಂತುಬಿಡುವುದು ಎಲ್ಲಕ್ಕಿಂತ ಮುಖ್ಯ. ಮಂಗಬಾವಿನ ಊತ ವಾರದಲ್ಲಿ ಇಳಿಯುತ್ತದೆ, ಇದು ಹಾಗಲ್ಲ. ಕಾಲಿನ ಮೇಲೆ ಕೈಗೆ ತಗಲುವ ನೇರಳೆ ಚುಕ್ಕೆಗಳು ಇನ್ನೊಂದು ಸೂಚನೆ. ರಕ್ತದಲ್ಲಿ ‘ಸಿ4’ ಎಂಬ ರಕ್ಷಣಾ ಪ್ರೋಟೀನ್ ಕಡಿಮೆ ಇರುವುದು, ಕ್ರಯೋಗ್ಲಾಬ್ಯುಲಿನ್ (ತಂಪಿಗೆ ಗಟ್ಟಿಯಾಗುವ ಪ್ರೋಟೀನ್) ಅಥವಾ ‘ಎಂ ಬ್ಯಾಂಡ್’ (ಒಂದೇ ಜಾತಿಯ ಪ್ರೋಟೀನ್ ಹೆಚ್ಚಿರುವ ಗುರುತು) ಕಾಣುವುದೂ ಸೂಚನೆಗಳೇ. ಇವುಗಳಲ್ಲಿ ಯಾವುದೋ ಒಂದು ಇದ್ದ ಮಾತ್ರಕ್ಕೆ ಲಿಂಫೋಮಾ ಬಂದಿದೆ ಎಂದಲ್ಲ. ಅಂಥವರನ್ನು ಡಾಕ್ಟರು ಬೇಗ ಬೇಗ ನೋಡಬೇಕು ಅಷ್ಟೇ.

ಶ್ವಾಸಕೋಶದಲ್ಲಿ ಬಂದರೆ ಏನೇನಾಗುತ್ತದೆ?

ಮಾಲ್ಟ್ ಜಾತಿಯಾದರೆ ಸುಮಾರು ಅರ್ಧ ಜನರಿಗೆ ಏನೂ ಆಗುವುದಿಲ್ಲ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಕಲೆ ಕಾಣುತ್ತದೆ. ಉಳಿದವರಿಗೆ ಹೋಗದ ಕೆಮ್ಮು, ನಡೆದರೆ ದಮ್ಮು, ಎದೆನೋವು, ಕೆಲವೊಮ್ಮೆ ಕಫದಲ್ಲಿ ರಕ್ತ. ಜೋರಿನ ಜಾತಿಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯುವುದು. ಈ ಪಟ್ಟಿ ಟಿಬಿಯದ್ದೇ ಅಲ್ವಾ? ಹೌದು. ಗೊಂದಲ ಶುರುವಾಗುವುದೇ ಅಲ್ಲಿ.

ಟಿಬಿ ಅಂತ ಆರು ತಿಂಗಳು ಮಾತ್ರೆ ತಗೊಂಡ್ವಿ. ಕಲೆ ಹಾಗೇ ಇದೆ. ಈಗೇನು?

ಮೊದಲು ಒಂದು ಮಾತು. ಟಿಬಿ ಅನುಮಾನ ಪಟ್ಟ ಡಾಕ್ಟರ ಮೇಲೆ ಸಿಟ್ಟು ಬೇಡ. ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಕೆಮ್ಮು ಎಂದರೆ ಟಿಬಿ ಪರೀಕ್ಷೆ ಆಗಲೇಬೇಕು. ಕೀಲುವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರಿಗೆ ಟಿಬಿ ಬರುವ ಸಾಧ್ಯತೆ ಇನ್ನೂ ಜಾಸ್ತಿ. ಲಿಂಫೋಮಾಕ್ಕಿಂತ ಟಿಬಿಯೇ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಟಿಬಿಯನ್ನು ಬಿಟ್ಟು ನೇರ ಕ್ಯಾನ್ಸರ್ ಹುಡುಕಲು ಹೊರಡುವುದೂ ತಪ್ಪು.

ಕೇಳಬೇಕಾದ ಪ್ರಶ್ನೆ ಬೇರೆ: ಟಿಬಿ ರೋಗಾಣು ಸಿಕ್ಕಿತ್ತಾ? ಹಳೆಯ ಕಾಗದಗಳನ್ನು ತೆಗೆದು ನೋಡಿ. ಕಫದಲ್ಲಿ ರೋಗಾಣು ಕಂಡಿದ್ದರೆ, ಅಥವಾ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಪಾಸಿಟಿವ್ ಬಂದಿದ್ದರೆ, ಅದು ಖಚಿತವಾದ ಟಿಬಿ. ಆಗ ಕಲೆ ಉಳಿದರೆ ಮಾಸಿದ ಗಾಯದ ಗುರುತಿರಬಹುದು, ಔಷಧಕ್ಕೆ ಬಗ್ಗದ ಟಿಬಿಯೂ ಇರಬಹುದು. ರೋಗಾಣು ಸಿಗದೆ ಬರೀ ಎಕ್ಸ್‌ರೇ ನೋಡಿ ಮಾತ್ರೆ ಶುರು ಮಾಡಿದ್ದರೆ ಕಥೆ ಬೇರೆ. ಎರಡು ತಿಂಗಳ ಮಾತ್ರೆಗೆ ಕೆಮ್ಮು, ಜ್ವರ, ತೂಕ, ಎಕ್ಸ್‌ರೇ ಯಾವುದರಲ್ಲೂ ಬದಲಾವಣೆ ಇಲ್ಲ ಎಂದರೆ ಆಗಲೇ ಮರುಯೋಚನೆ ಮಾಡಬೇಕಿತ್ತು. ಆರು ತಿಂಗಳು ಮುಗಿಯಲಿ ಎಂದು ಕಾಯುವುದು, ಮುಗಿದ ಮೇಲೆ ಇನ್ನೊಂದು ಕೋರ್ಸ್ ಎನ್ನುವುದು, ಇದನ್ನು ನಾನು ಒಪ್ಪುವುದಿಲ್ಲ.

ನ್ಯುಮೋನಿಯಾ ಎಂದು ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ಕೊಡುವುದೂ ಹೀಗೆಯೇ. ನ್ಯುಮೋನಿಯಾದ ಕಲೆ ಕೆಲವು ವಾರಗಳಲ್ಲಿ ಕರಗಬೇಕು. ತಿಂಗಳಾದರೂ ಅದೇ ಜಾಗದಲ್ಲಿ ಅದೇ ಗಾತ್ರದಲ್ಲಿದ್ದರೆ ಸಿಟಿ ಸ್ಕ್ಯಾನ್ ಬೇಕು. ಹಳೆಯ ಎಕ್ಸ್‌ರೇ ಫಿಲಂಗಳನ್ನು ಎಸೆಯಬೇಡಿ. ಎರಡು ವರ್ಷದ ಹಿಂದಿನ ಫಿಲಂನಲ್ಲೂ ಅದೇ ಕಲೆ ಇದ್ದರೆ ಡಾಕ್ಟರಿಗೆ ಅದೊಂದೇ ಬಹಳ ಹೇಳುತ್ತದೆ.

ಕಫದಲ್ಲಿ ರೋಗಾಣು ಸಿಗಲಿಲ್ಲ ಎಂದು ನೀವೇ ಟಿಬಿ ಮಾತ್ರೆ ನಿಲ್ಲಿಸಲು ಮಾತ್ರ ಹೋಗಬೇಡಿ. ಶುರು ಮಾಡಿದವರನ್ನೇ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್‌ಗೂ ಟಿಬಿ ಮಾತ್ರೆಗೂ ದುಡ್ಡಿಲ್ಲ. ಖಚಿತ ಮಾಡಿಕೊಳ್ಳಲು ಖರ್ಚಿನ ನೆಪ ಬೇಕಿಲ್ಲ.

ಗಣಿ ಧೂಳಿನಿಂದ ಬಂದ ಕಲೆ ಇರಬಹುದಾ?

ಇರಬಹುದು. ಸಂಡೂರಿನ ಗಣಿ, ಹಟ್ಟಿ ಚಿನ್ನದ ಗಣಿ, ಕಲ್ಲುಪುಡಿ ಮಾಡುವ ಕ್ರಷರ್ ಇಂಥ ಕಡೆ ದುಡಿದವರ ಶ್ವಾಸಕೋಶದಲ್ಲಿ ಸಿಲಿಕಾ ಧೂಳು ಕೂತು ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಅದನ್ನು ಸಿಲಿಕೋಸಿಸ್ ಎನ್ನುತ್ತಾರೆ. ಇದು ಟಿಬಿ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ.

ಇನ್ನೂ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಸಿಲಿಕಾ ಧೂಳು ಕುಡಿದವರಲ್ಲಿ ರುಮಟಾಯ್ಡ್, ಲೂಪಸ್, ಚರ್ಮ ಬಿಗಿಯುವ ಸ್ಕ್ಲೀರೋಡರ್ಮಾ ಇವೂ ಹೆಚ್ಚು ಕಾಣುತ್ತವೆ. 1953ರಲ್ಲಿ ಕ್ಯಾಪ್ಲನ್ ಎಂಬ ಡಾಕ್ಟರು ವೇಲ್ಸ್‌ನ ಕಲ್ಲಿದ್ದಲು ಗಣಿಯ ಕೆಲಸಗಾರರಲ್ಲಿ ರುಮಟಾಯ್ಡ್ ಜೊತೆಗೆ ಶ್ವಾಸಕೋಶದಲ್ಲಿ ದುಂಡನೆಯ ಗಂಟುಗಳಿರುವುದನ್ನು ಗುರುತಿಸಿದರು. ಅವು ಕ್ಯಾನ್ಸರ್ ಅಲ್ಲ, ಟಿಬಿಯೂ ಅಲ್ಲ. ಧೂಳಿನ ಕೆಲಸ ಮಾಡದ ರುಮಟಾಯ್ಡ್ ರೋಗಿಗಳಲ್ಲೂ ಶ್ವಾಸಕೋಶದಲ್ಲಿ ‘ರುಮಟಾಯ್ಡ್ ಗಂಟು’ ಬರಬಹುದು. ಹಾಗಾಗಿ ಹಿಂದೆ ಯಾವ ಕೆಲಸ ಮಾಡಿದ್ದಿರಿ, ಎಷ್ಟು ವರ್ಷ ಮಾಡಿದ್ದಿರಿ ಎಂದು ಡಾಕ್ಟರು ಕೇಳದಿದ್ದರೂ ಹೇಳಿ. ಈಗ ಹೊಲ ನೋಡಿಕೊಂಡಿದ್ದೇನೆ ಎಂದಷ್ಟೇ ಹೇಳಿದರೆ ಇಪ್ಪತ್ತು ವರ್ಷದ ಹಿಂದಿನ ಗಣಿ ಮುಚ್ಚಿಹೋಗುತ್ತದೆ.

ಸಿಟಿಯಲ್ಲೇ ಗೊತ್ತಾಗಲ್ವಾ? ತುಂಡು ತೆಗೆಯೋದು ಯಾಕೆ?

ಸಿಟಿ ಅನುಮಾನ ಹುಟ್ಟಿಸುತ್ತದೆ, ಹೆಸರು ಹೇಳುವುದಿಲ್ಲ. ಮಾಲ್ಟ್ ಲಿಂಫೋಮಾ ಸಿಟಿಯಲ್ಲಿ ಒಂದು ಅಥವಾ ಹಲವು ಗಂಟುಗಳಾಗಿ ಕಾಣಬಹುದು. ಎರಡೂ ಕಡೆ ಇರಬಹುದು. ನ್ಯುಮೋನಿಯಾದಂತೆ ಗಟ್ಟಿಯಾದ ಭಾಗ, ಅದರ ನಡುವೆ ಗಾಳಿ ತುಂಬಿದ ಶ್ವಾಸನಾಳದ ಕಪ್ಪು ಗೆರೆಗಳು, ಹೀಗೂ ಕಾಣಬಹುದು. ಟಿಬಿ, ಫಂಗಸ್, ರುಮಟಾಯ್ಡ್ ಗಂಟು, ಮಾಮೂಲಿ ಶ್ವಾಸಕೋಶದ ಕ್ಯಾನ್ಸರ್ ಇವೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ.

ಶೋಗ್ರನ್ ಇದ್ದವರಲ್ಲಿ ಇನ್ನೊಂದು ತೊಡಕಿದೆ. ಲಿಂಫೋಸೈಟ್‌ಗಳು ಶ್ವಾಸಕೋಶದಲ್ಲಿ ಸುಮ್ನೆ ಸೇರಿಕೊಂಡು ಕ್ಯಾನ್ಸರ್ ಆಗದೇ ಇರುವ ಸ್ಥಿತಿಯೂ ಇದೆ. ಅದನ್ನು ‘ಎಲ್‌ಐಪಿ’ ಎನ್ನುತ್ತಾರೆ. ಅದರಲ್ಲಿ ತೆಳು ಗೋಡೆಯ ಗಾಳಿಗುಳ್ಳೆಗಳು ಕಾಣುತ್ತವೆ. ಅಮಿಲಾಯ್ಡ್ ಎಂಬ ಪ್ರೋಟೀನ್ ಗಂಟು ಕಟ್ಟುವುದೂ ಉಂಟು. ಇದು ಯಾವುದು ಎಂದು ಹೇಳಬೇಕಾದರೆ ತುಂಡು ಬೇಕೇ ಬೇಕು.

ತುಂಡು ತೆಗೆಯುವ (ಬಯಾಪ್ಸಿ) ದಾರಿ ಮೂರು. ಬಾಯಿ ಅಥವಾ ಮೂಗಿನಿಂದ ನಳಿಗೆ ಇಳಿಸಿ ತೆಗೆಯುವುದು ಬ್ರಾಂಕೋಸ್ಕೋಪಿ. ಆಗಲೇ ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ಹೀರಿ, ಟಿಬಿ ಪರೀಕ್ಷೆಗೂ ಲಿಂಫೋಸೈಟ್ ಪರೀಕ್ಷೆಗೂ ಕಳಿಸಬಹುದು. ಕಲೆ ಎದೆಯ ಗೋಡೆಗೆ ಹತ್ತಿರವಿದ್ದರೆ ಸಿಟಿ ನೋಡಿಕೊಂಡು ಹೊರಗಿನಿಂದ ದಪ್ಪ ಸೂಜಿ ಹಾಕುತ್ತಾರೆ. ಎರಡರಲ್ಲೂ ಸಾಕಷ್ಟು ಸಿಗದಿದ್ದರೆ ಸಣ್ಣ ರಂಧ್ರದ ಆಪರೇಷನ್. ಮೊದಲ ಸಲದ ವರದಿಯಲ್ಲಿ ‘ಲಿಂಫೋಸೈಟ್‌ಗಳಿವೆ, ಖಚಿತವಿಲ್ಲ’ ಎಂದು ಬರುವುದು ಈ ಕಾಯಿಲೆಯಲ್ಲಿ ಮಾಮೂಲು. ಬಿಡಿ ಕಣಗಳನ್ನಷ್ಟೇ ಹೀರುವ ಸಪೂರ ಸೂಜಿಯ ಪರೀಕ್ಷೆ ಸಾಲದು. ತುಂಡೇ ಬೇಕು.

ಸೂಜಿ ಹಾಕಿದರೆ ಗಡ್ಡೆ ಕೆರಳಿ ಹರಡುತ್ತೆ ಅಂತಾರಲ್ಲ?

ಲಿಂಫೋಮಾ ಹಾಗೆ ಹರಡುವುದಿಲ್ಲ. ಸೂಜಿಯಿಂದ ಆಗಬಹುದಾದ ನಿಜವಾದ ತೊಂದರೆ ಎಂದರೆ ಶ್ವಾಸಕೋಶದ ಸುತ್ತ ಗಾಳಿ ಸೋರುವುದು ಮತ್ತು ಸ್ವಲ್ಪ ರಕ್ತ ಬರುವುದು. ಅದಕ್ಕೇ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ತೆಗೆದ ತುಂಡನ್ನು ಎರಡು ಪಾಲು ಮಾಡಲು ಕೇಳಿ. ಒಂದು ಫಾರ್ಮಲಿನ್‌ನಲ್ಲಿ, ಕ್ಯಾನ್ಸರ್ ಪರೀಕ್ಷೆಗೆ. ಇನ್ನೊಂದು ಸಲಾಯಿನ್‌ನಲ್ಲಿ, ಟಿಬಿ ಪರೀಕ್ಷೆಗೆ. ಫಾರ್ಮಲಿನ್‌ಗೆ ಬಿದ್ದ ತುಂಡಿನಲ್ಲಿ ರೋಗಾಣು ಬೆಳೆಸಲು ಆಗುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಎರಡನೇ ಸಲ ಸೂಜಿ ಚುಚ್ಚಿಸಿಕೊಳ್ಳುವುದು ಬೇಡ.

‘ಐಎಚ್‌ಸಿ ಮಾಡಿಸಿ’ ಅಂತ ಬರೆದಿದ್ದಾರೆ. ಏನದು?

ತುಂಡಿನ ಮೇಲೆ ವಿಶೇಷ ಬಣ್ಣ ಹಾಕಿ ಕಣಗಳ ಜಾತಿ ಗುರುತಿಸುವ ಪರೀಕ್ಷೆ. ಕಣದ ಮೇಲಿನ ‘ಸಿಡಿ20’ ಎಂಬ ಪ್ರೋಟೀನಿಗೆ ಬಣ್ಣ ಹಿಡಿದರೆ ಅವು ‘ಬಿ’ ಕಣಗಳು. ಅವೆಲ್ಲ ಒಂದೇ ಕಣದ ಸಂತತಿಯಾದರೆ ಲಿಂಫೋಮಾ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗುವಾಗ ವರದಿಯ ಜೊತೆಗೆ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಎರಡನ್ನೂ ಲ್ಯಾಬ್‌ನಿಂದ ಕೇಳಿ ಪಡೆಯಿರಿ. ವರದಿ ಮಾತ್ರ ಹಿಡಿದು ಹೋದವರನ್ನು ಬ್ಲಾಕ್ ತರಲು ವಾಪಸ್ ಕಳಿಸುತ್ತಾರೆ. ಬೇಸಿಗೆಯಲ್ಲಿ ಬ್ಲಾಕನ್ನು ಬಸ್ಸಿನ ಕಿಟಕಿ ಪಕ್ಕದ ಬಿಸಿಲಿಗೆ ಇಡಬೇಡಿ. ಅದು ಮೇಣ.

ನಮ್ಮೂರ ಡಾಕ್ಟರು ಕೊಡುವ ಸೂಜಿಗೆ ಕೆಮ್ಮು, ನೋವು ಎರಡೂ ಹೋಗುತ್ತೆ. ಅದನ್ನೇ ಮುಂದುವರಿಸಬಹುದಾ?

ಬೇಡ. ಬಹುಪಾಲು ಅದು ಡೆಕ್ಸಾ ಅಥವಾ ಅಂಥದೇ ಸ್ಟೀರಾಯ್ಡ್. ಕೀಲುನೋವಿಗೆ ಕೊಡುವ ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು.

ಸ್ಟೀರಾಯ್ಡ್ ಲಿಂಫೋಮಾ ಕಣಗಳನ್ನು ತಾತ್ಕಾಲಿಕವಾಗಿ ಕೊಲ್ಲುತ್ತದೆ. ಕಲೆ ಕುಗ್ಗುತ್ತದೆ, ಉಸಿರು ಸಲೀಸಾಗುತ್ತದೆ. ಆಗ ತುಂಡು ತೆಗೆದರೆ ಅದರಲ್ಲಿ ಸತ್ತ ಕಣಗಳೇ ಸಿಗುತ್ತವೆ, ಪೆಥಾಲಜಿ ಡಾಕ್ಟರು ಏನೂ ಹೇಳಲಾರರು. ಕೆಲವು ವಾರಗಳಲ್ಲಿ ಕಾಯಿಲೆ ಮತ್ತೆ ಮೇಲೇಳುತ್ತದೆ. ಒಂದು ವೇಳೆ ಅದು ಟಿಬಿಯಾಗಿದ್ದರೆ ಸ್ಟೀರಾಯ್ಡ್ ಅದನ್ನು ಇನ್ನಷ್ಟು ಹಬ್ಬಿಸುತ್ತದೆ. ಎರಡೂ ಕಡೆಯಿಂದ ನಷ್ಟವೇ. ಜೀವಕ್ಕೆ ತೊಂದರೆ ಇರುವ ತುರ್ತು ಇಲ್ಲದಿದ್ದರೆ ಹೊಸದಾಗಿ ಸ್ಟೀರಾಯ್ಡ್ ಶುರು ಮಾಡುವುದು ತುಂಡು ತೆಗೆದ ಮೇಲೆ.

ಮೊದಲಿನಿಂದಲೂ ಪ್ರೆಡ್ನಿಸೋಲೋನ್ ತಗೊಳ್ಳುತ್ತಿರುವವರು ಇದನ್ನು ಓದಿ ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನದ ಸ್ಟೀರಾಯ್ಡನ್ನು ತಟ್ಟನೆ ಬಿಟ್ಟರೆ ಬಿಪಿ ಕುಸಿದು ಬೀಳಬಹುದು. ಎಷ್ಟು ಡೋಸ್, ಎಂದಿನಿಂದ ಎಂಬುದನ್ನು ಬರೆದುಕೊಂಡು ಹೋಗಿ ತೋರಿಸಿ.

ಮೆಥೊಟ್ರೆಕ್ಸೇಟ್ ಮಾತ್ರೆಯಿಂದಲೇ ಲಿಂಫೋಮಾ ಬಂತಾ? ನಿಲ್ಲಿಸಿಬಿಡಲಾ?

ಭಯ ಹುಟ್ಟಿಸುವ ಪ್ರಶ್ನೆ ಇದು, ಉತ್ತರಕ್ಕೆ ಎರಡು ಮುಖ ಇವೆ. ಕೀಲುವಾತ ಹತೋಟಿಗೆ ಕೊಡುವ ಮೆಥೊಟ್ರೆಕ್ಸೇಟ್ ತಗೊಳ್ಳುವ ಕೆಲವೇ ಕೆಲವರಲ್ಲಿ ಲಿಂಫೋಮಾದಂಥ ಗಡ್ಡೆ ಬರುವುದು ನಿಜ. ಅದರಲ್ಲಿ ಹಲವರ ಗಡ್ಡೆಯಲ್ಲಿ ‘ಇಬಿವಿ’ ವೈರಸ್ ಇರುತ್ತದೆ. ವಿಚಿತ್ರ ಎಂದರೆ ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲೇ ಕೆಲವರಲ್ಲಿ ಗಡ್ಡೆ ತಾನೇ ಕರಗುತ್ತದೆ. ಅದಕ್ಕೇ ಮೆಥೊಟ್ರೆಕ್ಸೇಟ್ ಮೇಲಿರುವವರಿಗೆ ಲಿಂಫೋಮಾ ಎಂದು ಗೊತ್ತಾದರೆ ಡಾಕ್ಟರು ಮೊದಲು ಆ ಮಾತ್ರೆ ನಿಲ್ಲಿಸಿ, ಅವಸರ ಇಲ್ಲದಿದ್ದರೆ ಸ್ವಲ್ಪ ದಿನ ಕಾದು ನೋಡುತ್ತಾರೆ.

ಇನ್ನೊಂದು ಮುಖ: ಲಿಂಫೋಮಾ ಇಲ್ಲದವರು ಹೆದರಿ ಈ ಮಾತ್ರೆ ಬಿಟ್ಟರೆ ಕೀಲುಬಾವು ಕೆರಳುತ್ತದೆ. ಹತೋಟಿ ತಪ್ಪಿದ ಕೀಲುವಾತವೇ ಲಿಂಫೋಮಾದ ದೊಡ್ಡ ಕಾರಣ ಎಂದು ಮೇಲೆ ನೋಡಿದೆವು. ಹಾಗಾಗಿ ಸುಮ್ಮಸುಮ್ಮನೆ ಬಿಡುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ.

ಮೆಥೊಟ್ರೆಕ್ಸೇಟ್ ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಚೀಟಿ ಓದಲು ಬಾರದೆ ದಿನಾ ನುಂಗಿದವರ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಬಂದ ಉದಾಹರಣೆಗಳಿವೆ. ಮನೆಯಲ್ಲಿ ವಾರದ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಎಂದರೆ ಸೋಮವಾರವೇ. ಇದೇ ಮಾತ್ರೆಯಿಂದ ಕೆಲವರಿಗೆ ಶ್ವಾಸಕೋಶದ ಉರಿಯೂತವೂ ಬರುತ್ತದೆ. ಹೊಸದಾಗಿ ಒಣಕೆಮ್ಮು, ಜ್ವರ, ದಮ್ಮು ಶುರುವಾದರೆ ಮುಂದಿನ ವಾರದ ಡೋಸ್‌ಗೆ ಮೊದಲು ಡಾಕ್ಟರನ್ನು ಕಾಣಿ.

ಲಿಂಫೋಮಾ ಖಚಿತವಾಯ್ತು. ಇನ್ನೂ ಯಾವ ಪರೀಕ್ಷೆ ಇರುತ್ತೆ?

ಬೇರೆಲ್ಲಾದರೂ ಇದೆಯಾ ಎಂದು ನೋಡಲು ಕತ್ತಿನಿಂದ ಹೊಟ್ಟೆಯವರೆಗೆ ಸಿಟಿ, ಅಥವಾ ಪೆಟ್ ಸ್ಕ್ಯಾನ್. ಮಾಲ್ಟ್ ಜಾತಿ ಪೆಟ್‌ನಲ್ಲಿ ಕೆಲವೊಮ್ಮೆ ಮಂಕಾಗಿಯೇ ಕಾಣುತ್ತದೆ, ಜೋರಿನ ಜಾತಿ ಬೆಳಗುತ್ತದೆ. ಕೆಲವರಿಗೆ ಮೂಳೆಮಜ್ಜೆಯ ಪರೀಕ್ಷೆ, ಎಂಡೋಸ್ಕೋಪಿ. ರಕ್ತದಲ್ಲಿ ಎಲ್‌ಡಿಎಚ್ (ಕಾಯಿಲೆಯ ಜೋರು ತಿಳಿಸುವ ಅಳತೆ), ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ. ಹೆಪಟೈಟಿಸ್ ಬಿ ಪರೀಕ್ಷೆಯನ್ನು ಯಾರೂ ಬಿಡಬಾರದು. ಹಿಂದೆಂದೋ ಬಂದು ಅಡಗಿರುವ ಆ ವೈರಸ್ ರಿಟುಕ್ಸಿಮ್ಯಾಬ್ ಎಂಬ ಲಿಂಫೋಮಾ ಔಷಧ ಕೊಟ್ಟಾಗ ಮತ್ತೆ ಎದ್ದು ಲಿವರ್ ಕೆಡಿಸಬಹುದು.

ಚಿಕಿತ್ಸೆ ಏನು? ಎಲ್ಲರಿಗೂ ಕೀಮೋ ಬೇಕಾ?

ಎಲ್ಲರಿಗೂ ಬೇಡ. ಮಾಲ್ಟ್ ಜಾತಿಯಾಗಿದ್ದು ಯಾವ ತೊಂದರೆಯೂ ಇಲ್ಲದಿದ್ದರೆ ಡಾಕ್ಟರು ‘ಸದ್ಯಕ್ಕೆ ಏನೂ ಬೇಡ, ಕೆಲವು ತಿಂಗಳಿಗೊಮ್ಮೆ ನೋಡೋಣ’ ಎನ್ನಬಹುದು. ಇದನ್ನು ಕೇಳಿ ಎಷ್ಟೋ ಮನೆಯವರು ಕೈಬಿಟ್ಟರು ಎಂದುಕೊಂಡು ಬೇರೆ ಆಸ್ಪತ್ರೆಗೆ ಓಡುತ್ತಾರೆ. ಕೈಬಿಟ್ಟದ್ದಲ್ಲ ಅದು. ನಿಧಾನದ ಕಾಯಿಲೆಗೆ ಬೇಗ ಶುರು ಮಾಡಿದ ಮಾತ್ರಕ್ಕೆ ಆಯಸ್ಸು ಹೆಚ್ಚುವುದಿಲ್ಲ, ಔಷಧದ ಅಡ್ಡಪರಿಣಾಮ ಮಾತ್ರ ಬೇಗ ಶುರುವಾಗುತ್ತದೆ.

ಒಂದೇ ಜಾಗದಲ್ಲಿದ್ದರೆ ಆಪರೇಷನ್ ಅಥವಾ ಕಡಿಮೆ ಡೋಸಿನ ರೇಡಿಯೇಷನ್, ನಮ್ಮ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರಲ್ಲ ಅದು. ಹಲವು ಕಡೆ ಇದ್ದು ತೊಂದರೆ ಕೊಡುತ್ತಿದ್ದರೆ ರಿಟುಕ್ಸಿಮ್ಯಾಬ್. ಇದು ಸಿಡಿ20 ಇರುವ ಕಣಗಳನ್ನೇ ಹುಡುಕಿ ಹಿಡಿಯುವ ಔಷಧ. ಒಂದೇ ಕೊಡಬಹುದು, ಬೆಂಡಮಸ್ಟಿನ್ ಅಥವಾ ಕ್ಲೋರಾಂಬುಸಿಲ್ ಜೊತೆಗೂ ಕೊಡಬಹುದು. ಸಲಾಯಿನ್‌ನಲ್ಲಿ ನಿಧಾನಕ್ಕೆ ಹೋಗುತ್ತದೆ. ಮೊದಲ ಸಲ ಚಳಿ, ಜ್ವರ, ತುರಿಕೆ ಬರಬಹುದು, ನರ್ಸ್ ಹತ್ತಿರವೇ ಇರುತ್ತಾರೆ. ರುಮಟಾಯ್ಡ್ ಕೀಲುವಾತಕ್ಕೂ ಇದೇ ಔಷಧ ಬಳಸುತ್ತಾರೆ. ಹಾಗಾಗಿ ಕೆಲವರಲ್ಲಿ ಲಿಂಫೋಮಾಕ್ಕೆ ಕೊಟ್ಟಾಗ ಕೀಲುಬಾವೂ ಇಳಿಯುತ್ತದೆ. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದರ ದೇಶೀಯ ರೂಪ ತಂದ ಮೇಲೆ ನಮ್ಮಂಥವರ ಕೈಗೆ ಸ್ವಲ್ಪ ಎಟುಕುವಂತಾಯಿತು.

ಜೋರಿನ ಜಾತಿಯಾದರೆ ಕಾಯುವ ಮಾತಿಲ್ಲ. ‘ಆರ್-ಚಾಪ್’ ಎಂಬ ಐದು ಔಷಧಗಳ ಸೆಟ್ಟು, ಸಾಮಾನ್ಯವಾಗಿ 21 ದಿನಕ್ಕೊಮ್ಮೆ, 6 ಸಲ. ಕೂದಲು ಉದುರುತ್ತದೆ, ಆಮೇಲೆ ಬರುತ್ತದೆ. ಮೂತ್ರ ಒಂದೆರಡು ದಿನ ಕೆಂಪಾಗುತ್ತದೆ, ಅದು ಔಷಧದ ಬಣ್ಣ, ರಕ್ತವಲ್ಲ. ಶುರು ಮಾಡುವ ಮೊದಲು ಹೃದಯದ ಎಕೋ ಆಗಬೇಕು. ಎರಡು ಸುತ್ತಿನ ನಡುವೆ ಜ್ವರ 100.4 ದಾಟಿದರೆ ಊರಲ್ಲೇ ಸೂಜಿ ಮಾಡಿಸಿಕೊಂಡು ಮಲಗಬೇಡಿ. ಬಿಳಿ ರಕ್ತಕಣ ಕಡಿಮೆ ಇರುವ ಹೊತ್ತಿನ ಜ್ವರ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾದ ಜ್ವರ.

ಎಷ್ಟು ವರ್ಷ ಬದುಕ್ತಾರೆ?

ಶ್ವಾಸಕೋಶದ ಮಾಲ್ಟ್ ಲಿಂಫೋಮಾ ಇದ್ದ ನೂರರಲ್ಲಿ 80ಕ್ಕೂ ಹೆಚ್ಚು ಜನ 5 ವರ್ಷದ ಮೇಲೂ ಬದುಕಿರುತ್ತಾರೆ. 10 ವರ್ಷ ದಾಟಿದವರೂ ಬಹಳ. ವಯಸ್ಸಾದವರಲ್ಲಿ ಎಷ್ಟೋ ಸಲ ಜೀವ ತೆಗೆಯುವುದು ಬೇರೆ ಕಾಯಿಲೆ. ಜೋರಿನ ಜಾತಿ ಕಠಿಣವಾದದ್ದು, ಆದರೆ ಪೂರ್ತಿ ಗುಣವಾಗುವ ಸಾಧ್ಯತೆ ಇರುವುದೂ ಅದಕ್ಕೇ. ಮಾಲ್ಟ್ ಒಂದು ರೀತಿ ಬಿಪಿ, ಶುಗರ್ ಇದ್ದ ಹಾಗೆ ಜೊತೆಗೇ ಇರುತ್ತದೆ, ಮತ್ತೆ ಬಂದರೆ ಮತ್ತೆ ಚಿಕಿತ್ಸೆ. ಮನೆಯ ಹಿರಿಯರಿಗೆ ‘ಕ್ಯಾನ್ಸರ್ ಅಂತ ಹೇಳಬೇಡಿ’ ಎಂದು ಡಾಕ್ಟರ ಹತ್ತಿರ ಬೇಡಿಕೊಳ್ಳುವವರು ಈ ಅಂಕಿಯನ್ನು ಅವರಿಗೇ ಹೇಳಿನೋಡಲಿ. ಗೊತ್ತಿದ್ದವರು ಔಷಧ ಸರಿಯಾಗಿ ತಗೊಳ್ಳುತ್ತಾರೆ.

ನಮ್ಮ ಜಿಲ್ಲೆಯಲ್ಲೇ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ?

ಮೊದಲ ಹೆಜ್ಜೆ ಇಲ್ಲೇ ಇಡಬಹುದು. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜನರ ಬಾಯಲ್ಲಿ ಅದು ಇನ್ನೂ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇವು ಸರ್ಕಾರಿ. ಕಫ ಪರೀಕ್ಷೆ, ಸಿಟಿ ಮುಗಿಸಿಕೊಂಡು, ಬಯಾಪ್ಸಿ ಇಲ್ಲಾಗುತ್ತದಾ ಎಂದು ಶ್ವಾಸಕೋಶ ವಿಭಾಗದಲ್ಲಿ ಕೇಳಿ. ಲಿಂಫೋಮಾ ಎಂದಾದ ಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕಲಬುರಗಿಯಲ್ಲೂ ಅದರ ಶಾಖೆಯಿದೆ, ರಾಯಚೂರಿನವರಿಗೆ ಅದು ಹತ್ತಿರ. ಹೈದರಾಬಾದಿನ ಕಡೆ ಹೋಗುವವರು ತಮ್ಮ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯುತ್ತದಾ ಎಂದು ಹೊರಡುವ ಮೊದಲೇ ವಿಚಾರಿಸಿ.

ಕ್ಯಾನ್ಸರ್ ಡಾಕ್ಟರೂ ಕೀಲುವಾತದ ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕು. ಒಬ್ಬರು ಬರೆದ ಮಾತ್ರೆ ಇನ್ನೊಬ್ಬರಿಗೆ ಗೊತ್ತಿರಬೇಕು. ಅದು ತಾನಾಗಿ ಆಗುವುದಿಲ್ಲ, ಎರಡೂ ಫೈಲುಗಳನ್ನು ನೀವೇ ಹೊತ್ತು ತಿರುಗಬೇಕು.

ಖರ್ಚು?

ಬಿಪಿಎಲ್ ಕಾರ್ಡು ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಪಡೆಯಿರಿ. ಅಡ್ಮಿಟ್ ಆದ ಮೇಲೆ ಚೀಟಿಗೆ ಓಡಾಡುವುದು ದೊಡ್ಡ ತಲೆನೋವು.

ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಬರುವವರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯ ಡಾಕ್ಟರು ರೈಲ್ವೆ ನಮೂನೆಯಲ್ಲಿ ಸಹಿ ಮಾಡಿಕೊಡಬೇಕು. ಕೊಪ್ಪಳ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಬೆಂಗಳೂರಿಗೆ ಹೋಗುತ್ತವೆ.

ಮನೆಯವರಿಗೆ ಅಂಟುತ್ತಾ? ಮಕ್ಕಳಿಗೆ ಬರುತ್ತಾ?

ಅಂಟುವುದಿಲ್ಲ. ತಟ್ಟೆ, ಲೋಟ ಬೇರೆ ಮಾಡಬೇಕಿಲ್ಲ. ಆಟೋಇಮ್ಯೂನ್ ಕಾಯಿಲೆ ಕೆಲವು ಮನೆತನಗಳಲ್ಲಿ ಹೆಚ್ಚು ಕಾಣುತ್ತದೆ, ಆದರೆ ಅಮ್ಮನಿಗೆ ಲಿಂಫೋಮಾ ಬಂದರೆ ಮಗಳಿಗೂ ಬರುತ್ತದೆ ಎಂದಿಲ್ಲ.

ಪಥ್ಯ, ನಾಟಿ ಔಷಧ?

ಪಥ್ಯದ ಹೆಸರಲ್ಲಿ ಹಾಲು, ಮೊಟ್ಟೆ, ಬೇಳೆ ಬಿಡಿಸಬೇಡಿ. ಕೀಮೋ ಹೊತ್ತಿನಲ್ಲಿ ಪ್ರೋಟೀನ್ ಬೇಕು. ಬಾಯಿ ಒಣಗುವವರಿಗೆ ಖಾರ ಕಡಿಮೆ ಮಾಡಿ, ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಕೊಡಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಾಯಿ ಹುಣ್ಣು ಮಾಯುವ ತನಕ ಬೇಡ. ಬೀಡಿ, ತಂಬಾಕು, ಗುಟ್ಕಾ ಬಿಡಲೇಬೇಕು. ಭಸ್ಮ, ಕಷಾಯ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಲಿವರ್ ಪರೀಕ್ಷೆ ಏರುಪೇರಾದಾಗ ಕಾರಣ ಹುಡುಕಲು ಅದು ಬೇಕಾಗುತ್ತದೆ.

ಲಸಿಕೆ ಹಾಕಿಸಬಹುದಾ?

ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ರಿಟುಕ್ಸಿಮ್ಯಾಬ್ ಶುರುವಾಗುವ ಮೊದಲೇ ಹಾಕಿಸುವುದು ಒಳ್ಳೆಯದು. ಆಮೇಲೆ ಹಲವು ತಿಂಗಳು ಲಸಿಕೆ ಸರಿಯಾಗಿ ನಾಟುವುದಿಲ್ಲ. ಜೀವಂತ ವೈರಸ್ ಇರುವ ಲಸಿಕೆಗಳು ಬೇಡ.

ಚಿಕಿತ್ಸೆ ಮುಗಿದ ಮೇಲೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?

ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತಾರೆ. ಪ್ರತಿ ಸಲ ಸಿಟಿ ಬೇಕಿಲ್ಲ. ಮಾಲ್ಟ್ ಜಾತಿ ಹಲವು ವರ್ಷಗಳ ನಂತರವೂ ಮರಳಬಹುದು. ಅದೂ ಶ್ವಾಸಕೋಶದಲ್ಲೇ ಎಂದಿಲ್ಲ, ಜೊಲ್ಲುಗ್ರಂಥಿ, ಹೊಟ್ಟೆ, ಕಣ್ಣಿನ ಸುತ್ತ ಎಲ್ಲಾದರೂ ಬರಬಹುದು. ಕೆಲವೇ ಕೆಲವರಲ್ಲಿ ಜೋರಿನ ಜಾತಿಗೆ ತಿರುಗುತ್ತದೆ. ಒಂದು ಗಂಟು ಬೇಗ ಬೆಳೆಯುವುದು, ಕಾರಣವಿಲ್ಲದೆ ಜ್ವರ, ತೂಕ ಇಳಿಯುವುದು, ಎಲ್‌ಡಿಎಚ್ ಏರುವುದು ಅದರ ಗುರುತು. ಆಗ ಹಳೆಯ ವರದಿಯ ಮೇಲೆ ಚಿಕಿತ್ಸೆ ಶುರು ಮಾಡುವುದಿಲ್ಲ, ಹೊಸದಾಗಿ ಇನ್ನೊಂದು ತುಂಡು ತೆಗೆಯುತ್ತಾರೆ.